ಹೊಲದ ದಾರೀಲಿ ನಾಯಿ ವಾಕಿಂಗ್: ಹೊರಡೋ ಮುಂಚೆ ಇಷ್ಟು ತಿಳ್ಕೊಳ್ರಿ

ದಾವಣಗೆರೆ ಆಗ್ಲಿ ಚಿತ್ರದುರ್ಗ ಆಗ್ಲಿ, ಮನೇಲಿ ನಾಯಿ ಸಾಕಿರೋರು ಸಿಕ್ಕಾಗೆಲ್ಲ ಕೇಳೋದು ಒಂದೇ, ಓಣೀಲಿ ಕರ್ಕೊಂಡು ಹೋದ್ರೆ ಬೀದಿನಾಯಿ ಕಾಟ, ಮೇನ್ ರೋಡಲ್ಲಿ ಲಾರಿ ಬಸ್ಸು, ಊರಾಚೆ ಹೊಲದ ಕಡೆ ಕರ್ಕೊಂಡು ಹೋಗಬಹುದಾ, ಏನೇನು ನೋಡ್ಕೋಬೇಕು ಅಂತ. ಹೋಗಬಹುದು, ಹೋಗ್ಲೇಬೇಕು ಅಂತೀನಿ ನಾನು. ನಾಯಿಗೆ ಮೂಗೇ ಪ್ರಪಂಚ, ಬದುವಿನ ಮೇಲೆ ಅರ್ಧ ಗಂಟೆ ಮೂಸ್ಕೊಂಡು ಓಡಾಡಿ ಬಂದ ನಾಯಿ ಮನೇಲಿ ಎಷ್ಟು ಸಮಾಧಾನವಾಗಿ ಮಲಗುತ್ತೆ ಅಂತ ಒಂದ್ಸಲ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಆದ್ರೆ ನಮ್ಮ ಕಡೆ ಹೊಲದ ಕಾಲುದಾರಿ ಅಂದ್ರೆ ಪಾರ್ಕ್ ಅಲ್ಲ. ಅದು ಯಾರದೋ ಬದು, ಯಾರದೋ ಬೆಳೆ ಪಕ್ಕದ ಬಂಡಿಜಾಡು, ಅಲ್ಲಿ ಕುರಿ ಐತೆ, ದನ ಐತೆ, ಔಷಧಿ ಹೊಡೆದಿರ್ತಾರೆ. ಅದಕ್ಕೇ ಈ ಲೇಖನ ಪೂರ್ತಿ ಒಂದೇ ಮಾತಿನ ಸುತ್ತ ಐತೆ: ಹಗ್ಗ ಕೈಯಿಂದ ಬಿಡಬ್ಯಾಡ್ರಿ. ಬಿಡಲೇಬೇಕಾದ ಸಂದರ್ಭ ಒಂದೇ ಒಂದು ಐತೆ, ಅದನ್ನ 6ನೇ ಹಂತದಲ್ಲಿ ಹೇಳಿದೀನಿ, ಬೇರೆ ಏನು ಬಿಟ್ರೂ ಅದನ್ನ ಮಾತ್ರ ಓದದೆ ಬಿಡಬ್ಯಾಡ್ರಿ.

1. ಮೊದ್ಲು ಪಶು ಡಾಕ್ಟರ್ ಹತ್ರ ಹೋಗಿ ಬರ್ರಿ

ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಇಂಜೆಕ್ಷನ್, ಆಮೇಲೆ ಬೂಸ್ಟರ್ (ಅಂದ್ರೆ ಅದೇ ಲಸಿಕೆ ಇನ್ನೊಂದ್ಸಲ), ಆಮೇಲೆ ವರ್ಷಕ್ಕೊಂದ್ಸಲ. ಇದು ಎಲ್ರಿಗೂ ಗೊತ್ತು. ಹೊಲದ ಕಡೆ ಹೋಗೋ ನಾಯಿಗೆ ಇನ್ನೊಂದು ಮುಖ್ಯ, ಇಲಿ ಜ್ವರದ ಲಸಿಕೆ. ಇಲಿ ಉಚ್ಚೆ ಬಿದ್ದಿರೋ ಗದ್ದೆ ನೀರು, ಗುಂಡಿ ನೀರಿಂದ ಬರೋ ರೋಗ ಅದು, ನಾಯಿಗೂ ಬರುತ್ತೆ ಮನುಷ್ಯರಿಗೂ ಬರುತ್ತೆ. ಮರಿಗೆ ಹಾಕೋ ಏಳು ರೋಗದ್ದು, ಒಂಬತ್ತು ರೋಗದ್ದು ಅಂತಾರಲ್ಲ ಆ ಇಂಜೆಕ್ಷನ್‌ಗಳಲ್ಲಿ ಇದು ಸೇರಿರುತ್ತೆ, ನಿಮ್ಮದ್ರಲ್ಲಿ ಐತಾ ಅಂತ ಕೇಳಿ ಕಾರ್ಡಲ್ಲಿ ಬರೆಸ್ಕೊಳ್ರಿ. ಪೂರ್ತಿ ಲಸಿಕೆ ಆಗದ ಮರೀನ ಹೊಲದ ಕಡೆ ಇಳಿಸಲೇಬ್ಯಾಡ್ರಿ.

ಮೂರು ತಿಂಗಳಿಗೊಂದ್ಸಲ ಜಂತುಹುಳದ ಮಾತ್ರೆ ಹಾಕ್ರಿ. ಇದನ್ನ ಸುಮಾರು ಜನ ನಾಯಿ ಆರೋಗ್ಯಕ್ಕೆ ಅಂತ ಮಾತ್ರ ತಿಳ್ಕೊಂಡಿದಾರೆ, ಆದ್ರೆ ಕುರಿ ಕಾಯೋರಿಗೆ ಇದು ಹೊಟ್ಟೆಪಾಡಿನ ವಿಷಯ. ನಾಯಿ ಹೊಟ್ಟೇಲಿರೋ ಒಂದು ಜಾತಿ ಲಾಡಿಹುಳದ ಮೊಟ್ಟೆ ಅದ್ರ ಹೇಲಲ್ಲಿ ಹೊರಗೆ ಬಂದು ಹುಲ್ಲಿಗೆ ಅಂಟ್ಕೊಳ್ಳುತ್ತೆ, ಆ ಹುಲ್ಲು ಕುರಿ ಮೇಯ್ತು ಅಂದ್ರೆ ಮೆದುಳಲ್ಲಿ ನೀರುಗುಳ್ಳೆ ಬೆಳೆದು, ಕುರಿ ನಿಂತಲ್ಲೇ ಗಿರಗಿರ ಸುತ್ತಿ ಸುತ್ತಿ ಕೊನೆಗೆ ಸಾಯುತ್ತೆ. ಹಿರಿಯೂರು, ಚಳ್ಳಕೆರೆ, ಜಗಳೂರು ಕಡೆ ಕುರಿ ಸಾಕಿರೋ ಯಾರನ್ನ ಬೇಕಾದ್ರೂ ಕೇಳ್ರಿ, ಸುತ್ತೋ ಕುರಿ ನೋಡಿರ್ತಾರೆ. ನಮ್ಮ ನಾಯಿ ಅವರ ಮಂದೆಗೆ ಆ ಕಷ್ಟ ತರಬಾರದು. ಅದಕ್ಕೇ ಹೊಲದಲ್ಲಿ ನಾಯಿ ಕೂತ್ರೆ, ಗೊಬ್ಬರ ಆಗುತ್ತೆ ಬಿಡು ಅಂತ ಬಿಟ್ಟು ಬರಬ್ಯಾಡ್ರಿ, ಕವರಲ್ಲಿ ಎತ್ಕೊಂಡು ಬರ್ರಿ.

2. ಏನೇನು ಜೊತೇಲಿರಬೇಕು

ಕತ್ತಿನ ಬೆಲ್ಟ್‌ಗಿಂತ ಹಾರ್ನೆಸ್ ವಾಸಿ. ಹಾರ್ನೆಸ್ ಅಂದ್ರೆ ಎದೆ ಬೆನ್ನು ಸುತ್ತಿ ಹಾಕೋ ಪಟ್ಟಿ, ನಾಯಿ ಜಗ್ಗಿದ್ರೂ ಕುತ್ತಿಗೆ ಬಿಗಿಯಲ್ಲ, ಹಿಂದಕ್ಕೆ ಜಗ್ಗಿ ತಲೆ ಕಳಚ್ಕೊಳ್ಳೋದೂ ಕಷ್ಟ. ಹೊಲದ ಕಡೆ ನಾಯಿ ತಪ್ಪಿಸ್ಕೊಂಡ ಕಥೆ ಮುಕ್ಕಾಲು ಪಾಲು ಸಡಿಲ ಬೆಲ್ಟಿಂದಾನೇ ಶುರುವಾಗೋದು. ಹಗ್ಗ ಆರಡಿ ಸಾಕು, ನೂಲಿನದ್ದೋ ನೈಲಾನ್ ಪಟ್ಟೀದೋ. ಕಬ್ಬಿಣದ ಚೈನ್ ಬ್ಯಾಡ, ಜಗ್ಗಿದಾಗ ಅಂಗೈ ಕಿತ್ತು ಬರುತ್ತೆ. ಡಬ್ಬಿಯೊಳಗಿಂದ ಎಳೆದಷ್ಟೂ ಉದ್ದ ಬರೋ ಹಗ್ಗ ಸಿಗುತ್ತಲ್ಲ, ಅದು ಬದುವಿನ ಮೇಲೆ ಉಪಯೋಗಕ್ಕೆ ಬರಲ್ಲ. ನಾಯಿ ಹದಿನೈದಡಿ ಮುಂದೆ ಹೋಗಿ ಮೆಕ್ಕೆಜೋಳದೊಳಗೆ ನುಗ್ಗಿರುತ್ತೆ, ಅಲ್ಲಿ ಏನು ಬಾಯಿಗೆ ಹಾಕ್ಕೊಂತು ಅನ್ನೋದೇ ನಿಮಗೆ ಕಾಣಲ್ಲ.

ಕಚ್ಚೋ ಸ್ವಭಾವ ಇದ್ರೆ, ಇಲ್ಲಾ ಸಿಕ್ಕಿದ್ದೆಲ್ಲ ತಿನ್ನೋ ಚಾಳಿ ಇದ್ರೆ ಬಾಯಿಗೆ ಕುಕ್ಕೆ ಹಾಕ್ರಿ, ಕಣದಲ್ಲಿ ಎತ್ತಿಗೆ ಹಾಕ್ತಿದ್ರಲ್ಲ ಅದೇ ಲೆಕ್ಕ. ಆದ್ರೆ ಬುಟ್ಟಿ ತರದ್ದೇ ತಗೊಳ್ರಿ. ಬಟ್ಟೆಯದ್ದು ಬಾಯಿ ಒತ್ತಿ ಹಿಡಿಯುತ್ತೆ, ನಾಯಿ ಮೈ ತಣ್ಣಗೆ ಮಾಡ್ಕೊಳ್ಳೋದೇ ಬಾಯಿ ತೆಗೆದು ತೇಕಿ, ಅದನ್ನ ಮುಚ್ಚಿದ್ರೆ ಬಿಸಿಲಲ್ಲಿ ಜೀವಕ್ಕೇ ಅಪಾಯ.

ಇನ್ನು ಅರ್ಧ ಲೀಟರ್ ನೀರು, ಒಂದು ಅಗಲ ಡಬ್ಬಿ, ಮುಳ್ಳು ತೆಗೆಯೋ ಚಿಮಟ, ಒಂದು ಹಳೇ ಪಂಚೆ ತುಂಡು, ನಾಲ್ಕು ಪ್ಲಾಸ್ಟಿಕ್ ಕವರ್, ಕೈಗೊಂದು ಕೋಲು. ಕೋಲು ಹೊಡೆಯೋಕಲ್ಲ, ಮುಂದೆ ಹುಲ್ಲಲ್ಲಿ ತಟ್ಕೊಂಡು ಹೋಗೋಕೆ. ಫೋನಲ್ಲಿ ನಿಮ್ಮ ಪಶು ಡಾಕ್ಟರ್ ನಂಬರ್, ಪಶುಪಾಲನಾ ಇಲಾಖೆ ಸಹಾಯವಾಣಿ 1962, ಎರಡೂ ಇರಲಿ.

3. ಮನೇಲೇ ಎರಡು ಮಾತು ಕಲಿಸ್ರಿ

"ಬಾ" ಮತ್ತು "ಬಿಡು". ಕೂರು, ಶೇಕ್‌ಹ್ಯಾಂಡ್ ಕೊಡು ಇವೆಲ್ಲ ಆಮೇಲೆ. "ಬಿಡು" ಕಲಿಸೋದು ಹಿಂಗೆ: ಮುಷ್ಟೀಲಿ ಬಿಸ್ಕತ್ ತುಂಡು ಇಟ್ಕೊಂಡು ಮುಂದೆ ಹಿಡೀರಿ, ನೆಕ್ಕುತ್ತೆ ಕೆರೆಯುತ್ತೆ, ಕೈ ತೆಗೀಬ್ಯಾಡ್ರಿ. ಯಾವಾಗ ಮುಖ ಹಿಂದಕ್ಕೆ ತಗೊಳ್ತೋ ಆಗ "ಬಿಡು" ಅಂತ ಹೇಳಿ ಇನ್ನೊಂದು ಕೈಯಿಂದ ಬೇರೆ ರುಚಿಯಾದ್ದು ಕೊಡ್ರಿ. ಮುಷ್ಟೀಲಿದ್ದದ್ದು ಯಾವತ್ತೂ ಸಿಗಲ್ಲ, ಬಿಟ್ರೆ ಅದಕ್ಕಿಂತ ಒಳ್ಳೇದು ಸಿಗುತ್ತೆ, ಇಷ್ಟು ಅದರ ತಲೆಗೆ ಹೋಗಬೇಕು. ದಿನಕ್ಕೆ ಐದೈದು ನಿಮಿಷ ಮೂರ್ನಾಲ್ಕು ವಾರ ಮಾಡಿದ್ರೆ ನೆಲದ ಮೇಲೆ ಬಿದ್ದಿದ್ದನ್ನೂ ಬಿಡೋಕೆ ಕಲಿಯುತ್ತೆ. ಮನೇಲಿ ಎಲ್ರೂ ಒಂದೇ ಮಾತು ಬಳಸ್ರಿ, ಒಬ್ರು ಬಿಡು ಇನ್ನೊಬ್ರು ನೋ ಮತ್ತೊಬ್ರು ಥೂ ಅಂದ್ರೆ ಅದಕ್ಕೆ ಯಾವುದೂ ತಿಳಿಯಲ್ಲ. 7ನೇ ಹಂತ ಓದಿದಾಗ ಈ ಒಂದು ಮಾತಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತೆ.

4. ದಾರಿ ಆರಿಸ್ಕೊಳ್ರಿ, ಮೊದ್ಲು ನಾಯಿ ಬಿಟ್ಟು ನೀವೊಬ್ರೇ ನಡೆದು ನೋಡ್ರಿ

ಬಂಡಿಜಾಡು ಇದ್ರೆ ಅದೇ ಬೆಸ್ಟ್, ಅಗಲ ಇರುತ್ತೆ, ಎದುರಿಗೆ ಯಾರಾದ್ರೂ ಬಂದ್ರೆ ಪಕ್ಕಕ್ಕೆ ಸರಿಯೋಕೆ ಜಾಗ ಐತೆ. ಹೊಲದಲ್ಲಿ ಯಾರಿದ್ರೂ ಮಾತಾಡಿಸ್ರಿ, "ಅಣ್ಣ, ನಾಯಿ ಹಿಡ್ಕೊಂಡು ಈ ಬದುವಿನ ಮೇಲೆ ಹೋಗ್ಲಾ, ಹಗ್ಗದಲ್ಲೇ ಇರುತ್ತೆ" ಅಂತ. ಬ್ಯಾಡ ಅಂದೋರನ್ನ ನಾನು ಕಂಡಿದ್ದು ಕಡಿಮೆ. ಜೊತೆಗೆ ಅವರೇ ಹೇಳ್ತಾರೆ, ಆ ಕಡೆ ನಿನ್ನೆ ಔಷಧಿ ಹೊಡೆದೀವಿ, ಆ ಬೇಲೀಗೆ ಕರೆಂಟ್ ಐತೆ ಅಂತ. ಆ ಮಾಹಿತಿ ನಿಮಗೆ ಬೇರೆಲ್ಲೂ ಸಿಗಲ್ಲ.

ದಾವಣಗೆರೆ ಸುತ್ತ ಹರಿಹರ ಕಡೆ, ಚನ್ನಗಿರಿ ಕಡೆ ಭದ್ರಾ ನಾಲೆ ದಂಡೆ ಚೆನ್ನಾಗಿ ಕಾಣುತ್ತೆ, ಸಮತಟ್ಟು, ನೆರಳು, ಜನ ಕಮ್ಮಿ. ಆದ್ರೂ ನಾನು ಬ್ಯಾಡ ಅಂತೀನಿ. ನಾಲೆ ಒಳಗೋಡೆ ಸಿಮೆಂಟಿನ ಇಳಿಜಾರು, ಪಾಚಿ ಕಟ್ಟಿರುತ್ತೆ, ನೀರು ಬಿಟ್ಟಾಗ ಸೆಳೆತ ಮೇಲಿಂದ ನೋಡಿದ್ರೆ ತಿಳಿಯಲ್ಲ. ನಾಯಿಗೆ ಈಜು ಬಂದ್ರೂ ಜಾರೋ ಗೋಡೆ ಹತ್ತಿ ಬರೋಕಾಗಲ್ಲ, ಸುಸ್ತಾಗಿ ಮುಳುಗುತ್ತೆ. ಅದನ್ನ ಎತ್ತೋಕೆ ಹೋದ ಮನುಷ್ಯನ ಗತೀನೂ ಅದೇ. ನಾಲೆ ಪಕ್ಕ ಹೋಗಲೇಬೇಕಾದ್ರೆ ನೀರಿನ ಕಡೆ ನೀವು, ಹೊಲದ ಕಡೆ ನಾಯಿ, ಹಗ್ಗ ಎರಡು ಸುತ್ತು ಗಿಡ್ಡ. ಆಕಸ್ಮಿಕ ಬಿದ್ರೆ ನೀರಿಗಿಳೀಬ್ಯಾಡ್ರಿ, ದಂಡೆ ಮೇಲೇ ಜೊತೇಲಿ ನಡೀತಾ ಹಾರ್ನೆಸ್ ಹಗ್ಗದಿಂದ ಮೆಟ್ಟಿಲು ಇರೋ ಕಡೆ, ತೂಬಿನ ಕಡೆ ಎಳ್ಕೊಂಡು ಹೋಗ್ರಿ.

ದುರ್ಗದೋರಿಗೆ ಬೇರೆ ಮಾತು. ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿಗೆ ನಾಯಿ ಕರ್ಕೊಂಡು ಹೋಗಬ್ಯಾಡ್ರಿ. ಜಗಳೂರು ತಾಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮಾನೂ ಅಷ್ಟೇ. ಕೊಂಡುಕುರಿ ಅಂದ್ರೆ ನಾಲ್ಕು ಕೊಂಬಿನ ಪುಟ್ಟ ಜಿಂಕೆ ತರದ ಪ್ರಾಣಿ, ಬಲು ಪುಕ್ಕಲು, ನಾಯಿ ವಾಸನೆ ಬಂದ್ರೇ ಮರಿ ಬಿಟ್ಟು ಓಡುತ್ತೆ. ಅದೂ ಅಲ್ದೆ ನಾಯಿಗೆ ಬರೋ ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಚಿರತೆ, ನರಿ, ತೋಳಕ್ಕೂ ಹತ್ತುತ್ತೆ. ಕಾಡಂಚಿನ ಹೊಲದಿಂದ ಒಂದೆರಡು ಕಿಲೋಮೀಟರ್ ಈಚೆಗೇ ದಾರಿ ನೋಡ್ಕೊಳ್ರಿ.

ಇನ್ನೊಂದು, ಹಂದಿ ಕಾಟ ಇರೋ ಕಡೆ ಬೇಲಿ ಸಂದಿ ನೋಡ್ರಿ. ತಂತಿ ಉರುಳು ಹಾಕಿರ್ತಾರೆ, ಕೆಲವ್ರು ನೇರ ಲೈನಿಂದ ತಂತಿಗೆ ಕರೆಂಟ್ ಕೊಟ್ಟಿರ್ತಾರೆ, ಇದು ಕಾನೂನಿಗೆ ವಿರುದ್ಧ, ಆದ್ರೂ ನಡೀತೈತೆ. ನಾಯಿ ತಂತಿಗೆ ಹತ್ಕೊಂಡು ಒದ್ದಾಡಿದ್ರೆ ಬರಿಗೈಲಿ ಮುಟ್ಟಬ್ಯಾಡ್ರಿ, ಒದ್ದೆ ಹಗ್ಗಾನೂ ಜಗ್ಗಬ್ಯಾಡ್ರಿ, ಮೊದ್ಲು ಕರೆಂಟ್ ತೆಗೆಸಬೇಕು.

5. ಯಾವ ಟೈಮಿಗೆ

ಬೆಳಿಗ್ಗೆ ಪೂರ್ತಿ ಬೆಳಕು ಹರಿದ ಮೇಲೆ, ಬಿಸಿಲು ಏರೋದ್ರೊಳಗೆ. ಬೇಸಿಗೇಲಿ ಸುಮಾರು ಆರೂವರೆಯಿಂದ ಎಂಟರೊಳಗೆ ಅಂತ ಇಟ್ಕೊಳ್ರಿ. ನಾಲ್ಕೂವರೆ ಐದಕ್ಕೇ ತಂಪಿರುತ್ತಲ್ಲ ಅಂತ ಕೇಳ್ತಾರೆ, ತಂಪಿರುತ್ತೆ ನಿಜ, ಆದ್ರೆ ದುರ್ಗದ ಗುಡ್ಡಗಳ ಕಡೆ ಕರಡಿ ಚಿರತೆ ಓಡಾಡೋ ಹೊತ್ತೂ ಅದೇ, ಚಿರತೆಗೆ ನಾಯಿ ಅಂದ್ರೆ ಇಷ್ಟದ ಊಟ. ಸಂಜೇನೂ ಸೂರ್ಯ ಮುಳುಗೋದ್ರೊಳಗೆ ಮನೆ ಸೇರ್ರಿ.

ಏಪ್ರಿಲ್ ಮೇ ತಿಂಗಳು ಸಂಜೆ ವಾಕಿಂಗ್ ಬಿಟ್ಬಿಡೋದೇ ಒಳ್ಳೇದು. ಗಾಳಿ ತಣ್ಣಗಾದ್ರೂ ಡಾಂಬರು, ದುರ್ಗದ ಬಂಡೆ ಇವೆರಡೂ ಕಾದಿದ್ದು ಬೇಗ ಆರಲ್ಲ. ಅಂಗೈ ಹಿಂಬದಿ ನೆಲಕ್ಕಿಟ್ಟು ಏಳು ಎಣಿಸ್ರಿ, ಇಡೋಕಾಗ್ಲಿಲ್ಲ ಅಂದ್ರೆ ನಾಯಿ ಪಾದಕ್ಕೂ ಆಗಲ್ಲ. ನಾಯಿ ಮೈ ಬಿಸಿ ಮಾಮೂಲಿಯಾಗೇ 38ರಿಂದ 39 ಡಿಗ್ರಿ ಇರುತ್ತೆ, ನಮ್ಮ ಹಂಗೆ ಮೈಯೆಲ್ಲ ಬೆವರಲ್ಲ. ನಾಲಗೆ ಕಡು ಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಪ್ಪಿದ್ರೆ ಅದು ಬಿಸಿಲು ಹೊಡೆದಿರೋದು. ನೆರಳಿಗೆ ಕರ್ಕೊಂಡೋಗಿ ಹೊಟ್ಟೆ, ತೊಡೆ ಸಂದಿ, ಪಾದಕ್ಕೆ ಮಾಮೂಲಿ ನೀರು ಹಾಕ್ರಿ, ಪಂಚೆ ತುಂಡಿಂದ ಗಾಳಿ ಬೀಸ್ರಿ, ಅಲ್ಲಿಂದ ಸೀದಾ ಡಾಕ್ಟರ್. ಪಗ್ ಜಾತಿ ಚಪ್ಪಟೆ ಮೂಗಿನ ನಾಯಿಗೆ ಇದು ಬಲು ಬೇಗ ಆಗುತ್ತೆ. ಊಟ ಹಾಕೋದು ವಾಕಿಂಗ್ ಮುಗಿದು ಅರ್ಧ ಗಂಟೆ ಆದ್ಮೇಲೆ.

6. ದಾರೀಲಿ ಎದುರಾಗೋರು

ದನ, ಎಮ್ಮೆ. ಕರು ಇರೋ ಹಸು ನಾಯೀನ ತೋಳ ಅಂತಾನೇ ನೋಡೋದು. ದೂರದಿಂದ್ಲೇ ಸುತ್ತು ಹಾಕಿ ಹೋಗ್ರಿ, ಕರು ತಾಯಿ ನಡುವೆ ಮಾತ್ರ ಹಾಯಬ್ಯಾಡ್ರಿ. ಹಸು ತಲೆ ತಗ್ಗಿಸಿ ಬುಸುಗುಟ್ಟಿ ಮೇಲೆ ಬಂತು ಅಂದ್ರೆ, ಆಗ ಹಗ್ಗ ಬಿಟ್ಬಿಡ್ರಿ. ಹಗ್ಗ ಬಿಡೋ ಒಂದೇ ಸಂದರ್ಭ ಇದು. ಹಸುಗೆ ಬೇಕಾಗಿರೋದು ನಾಯಿ, ನೀವಲ್ಲ. ನಾಯಿ ಹಸುಗಿಂತ ಜೋರಾಗಿ ಓಡಿ ತಪ್ಪಿಸ್ಕೊಳ್ಳುತ್ತೆ, ನೀವು ಹಿಡ್ಕೊಂಡಿದ್ರೆ ಅದು ನಿಮ್ಮ ಕಾಲ ಸುತ್ತಾನೇ ತಿರುಗುತ್ತೆ, ಕೊಂಬು ನಿಮಗೆ ಬೀಳುತ್ತೆ. ನಾಯೀನ ಎದೆಗೆ ಎತ್ಕೊಳ್ಳೋದಂತೂ ಬ್ಯಾಡವೇ ಬ್ಯಾಡ. ನೀವು ಬದು ದಾಟಿ, ಬೇಲಿ ದಾಟಿ ಆಚೆ ಹೋಗಿ ನಿಂತು "ಬಾ" ಅಂತ ಕೂಗ್ರಿ.

ಕುರಿ ಮಂದೆ ಕಂಡ್ರೆ ನಿಂತ್ಬಿಡ್ರಿ. ಹಗ್ಗ ಗಿಡ್ಡ ಮಾಡಿ, ದಾರಿ ಬಿಟ್ಟು ಪಕ್ಕದಲ್ಲಿ ನಾಯಿ ಕೂರಿಸಿ, "ಅಜ್ಜ, ನಿಮ್ ನಾಯಿ ಹಿಡ್ಕಳ್ರಿ, ನಾವಿಲ್ಲೇ ನಿಂತಿರ್ತೀವಿ" ಅಂತ ದೂರದಿಂದ್ಲೇ ಕೂಗಿ ಹೇಳ್ರಿ. ಮಂದೆ ಕಾಯೋ ನಾಯಿ ತನ್ನ ಕೆಲಸ ಮಾಡುತ್ತೆ, ಅದರದ್ದು ತಪ್ಪಿಲ್ಲ. ಕುರಿ ಒಂದ್ಸಲ ಬೆದರಿ ಓಡಿದ್ರೆ ಗಬ್ಬದ ಕುರಿ ಕಂದು ಹಾಕೋದೂ ಉಂಟು. ಮುಧೋಳ ನಾಯಿ ಇರೋರು ಇನ್ನೂ ಹುಷಾರು, ಅದು ಕಣ್ಣಿಂದ ಬೇಟೆ ಕಾಣೋ ಜಾತಿ, ಎದುರಿಗೆ ಏನಾದ್ರೂ ಓಡಿದ್ರೆ ಸಾಕು ನಿಮ್ಮ ಮಾತು ಕಿವಿಗೇ ಹೋಗಲ್ಲ.

ಊರ ನಾಯಿಗಳು ಗುಂಪು ಕಟ್ಕೊಂಡು ಬಂದ್ರೆ ಓಡಬ್ಯಾಡ್ರಿ. ನಿಮ್ಮ ನಾಯೀನ ಹಿಂದೆ ಹಾಕ್ಕೊಂಡು, ಕಲ್ಲು ಆರಿಸೋ ಹಂಗೆ ಬಗ್ರಿ, ಸಾಮಾನ್ಯವಾಗಿ ಅಷ್ಟಕ್ಕೇ ಹಿಂದೆ ಸರಿತಾವೆ. ನಿಮಗೇ ಹಲ್ಲು ತಾಗಿದ್ರೆ, ಸಣ್ಣ ಗೀರಾದ್ರೂ ಸರಿ, ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಸುಣ್ಣ ಅರಿಶಿನ ಮೆಣಸಿನಪುಡಿ ಏನೂ ಹಚ್ಚಬ್ಯಾಡ್ರಿ. ಇಂಜೆಕ್ಷನ್ ಎಷ್ಟು ಹೇಳ್ತಾರೋ ಅಷ್ಟೂ ಪೂರ್ತಿ ಮಾಡಿಸ್ರಿ, ಎರಡು ಹಾಕಿಸ್ಕೊಂಡು ನಿಲ್ಲಿಸೋರು ಸುಮಾರು ಜನ ಇದಾರೆ, ರೇಬೀಸ್ ಶುರುವಾದ್ಮೇಲೆ ಉಳಿಸೋ ಔಷಧಿ ಇಲ್ಲ.

ಮನುಷ್ಯರ ವಿಷಯ ಹೇಳ್ಲೇಬೇಕು. ತಲೆ ಮೇಲೆ ಹುಲ್ಲಿನ ಹೊರೆ ಹೊತ್ಕೊಂಡು ಸಣ್ಣ ಬದುವಿನ ಮೇಲೆ ಬರ್ತಿರೋ ಅವ್ವನಿಗೆ ಪಕ್ಕಕ್ಕೆ ಸರಿಯೋಕಾಗಲ್ಲ, ನೀವೇ ಹೊಲಕ್ಕಿಳಿದು ನಿಂತು ದಾರಿ ಬಿಡ್ರಿ. "ಏನೂ ಮಾಡಲ್ಲ ಕಣವ್ವ, ಬಾ" ಅನ್ನೋದು ಸಾಕಾಗಲ್ಲ, ಹೆದರಿಕೆ ಇರೋರಿಗೆ ಆ ಮಾತಿಂದ ಹೆದರಿಕೆ ಹೋಗಲ್ಲ. ಸುಗ್ಗೀಲಿ ರೋಡ್ ಮೇಲೆ ಮೆಕ್ಕೆಜೋಳ ಒಣಗಿಸಿರ್ತಾರೆ, ಕಣದಲ್ಲಿ ಶೇಂಗಾ ಹರವಿರ್ತಾರೆ, ಅದರ ಹತ್ರ ನಾಯಿ ಕಾಲೆತ್ತಿದ್ರೆ ಅದು ಅವರ ಅನ್ನಕ್ಕೆ ಮಾಡಿದ ಅವಮಾನ. ಹುತ್ತ, ಹೊಲದ ಭೂತಪ್ಪನ ಕಲ್ಲು ಇವುಗಳ ಹತ್ರಾನೂ ಹಂಗೇ. ಹುತ್ತದಲ್ಲಿ ಹಾವಿರಬಹುದು ಅನ್ನೋದು ಒಂದಾದ್ರೆ, ಜನ ಹಾಲೆರೆಯೋ ಜಾಗ ಅನ್ನೋದು ಇನ್ನೊಂದು. ಕೋಳಿ ಹಿಡಿದ್ರೆ ವಾದ ಮಾಡಬ್ಯಾಡ್ರಿ, ಕೇಳಿದ ದುಡ್ಡು ಕೊಟ್ಟು ತಪ್ಪಾಯ್ತು ಅಂತ ಹೇಳಿ ಬರ್ರಿ.

7. ಬಾಯಿಗೆ ಹಾಕಬಾರದ್ದು

ಎಲ್ಲಕ್ಕಿಂತ ನನಗೆ ಭಯ ಇದರದ್ದೇ. 2018ರಲ್ಲಿ ಶಿವಮೊಗ್ಗ ಕಡೆ ಕಾಣಿಸ್ಕೊಂಡ ಫಾಲ್ ಸೈನಿಕ ಹುಳು, ಅಂದ್ರೆ ಮೆಕ್ಕೆಜೋಳದ ಸುಳಿ ತಿನ್ನೋ ಹುಳ, ಆಮೇಲೆ ಮೆಕ್ಕೆಜೋಳ ಬೆಳೆಯೋ ಕಡೆಗೆಲ್ಲ ಹಬ್ತು. ಅದಕ್ಕೆ ರೈತರು ವಿಷ ಪಾಷಾಣ ಅಂತ ಮಾಡ್ತಾರೆ, ಅಕ್ಕಿ ತೌಡು, ಬೆಲ್ಲದ ನೀರು, ಕೀಟನಾಶಕ ಕಲಸಿ ಒಂದು ದಿನ ಇಟ್ಟು ಸಂಜೆ ಹೊತ್ತು ಗಿಡದ ಸುಳಿಗೆ ಉದುರಿಸೋದು. ಬೆಳೆ ಉಳಿಸ್ಕೊಳ್ಳೋಕೆ ಅವರು ಮಾಡ್ತಾರೆ, ಆದ್ರೆ ಬೆಲ್ಲ ತೌಡಿನ ವಾಸನೆ ನಾಯಿಗೆ ಹಬ್ಬದಡುಗೆ ಇದ್ದಂಗೆ. ಮೊಣಕಾಲೆತ್ತರದ ಮೆಕ್ಕೆಜೋಳದ ಹೊಲ ಕಂಡ್ರೆ ಹಗ್ಗ ಮೊಳದುದ್ದಕ್ಕೆ ತನ್ರಿ. ಗದ್ದೆ ಕಡೆ ಇಲಿಗೆ ಇಡೋ ಜಿಂಕ್ ಫಾಸ್ಫೈಡ್, ಅಂದ್ರೆ ಕಪ್ಪಗಿರೋ ಇಲಿ ಪಾಷಾಣದ ಪುಡಿ, ಬಿಲದ ಬಾಯಲ್ಲಿ ಕಾಳಿಗೆ ಹಚ್ಚಿ ಇಟ್ಟಿರ್ತಾರೆ. ಸತ್ತ ಇಲಿ ತಿಂದ್ರೂ ವಿಷ ಏರಬಹುದು. ಕಾಡಂಚಲ್ಲಿ ಹಂದಿಗೆ ಅಂತ ಹಣ್ಣಲ್ಲೋ ಮಾಂಸದಲ್ಲೋ ಸಿಡಿಮದ್ದು ಸುತ್ತಿ ಇಡೋರೂ ಇದಾರೆ, ನಾಯಿ ಕಚ್ಚಿದ್ರೆ ದವಡೆಯೇ ಹಾರಿ ಹೋಗುತ್ತೆ.

ಜೊಲ್ಲು ಸುರಿಯೋದು, ನಡುಕ, ವಾಂತಿ, ಕಣ್ಣಿನ ಪಾಪೆ ಚುಕ್ಕೆಯಷ್ಟಾಗೋದು, ಕಾಲು ಸೆಟೆಯೋದು, ಇವುಗಳಲ್ಲಿ ಯಾವುದು ಕಂಡ್ರೂ ಕಾಯಬ್ಯಾಡ್ರಿ. ಉಪ್ಪುನೀರು, ಹಾಲು, ಎಣ್ಣೆ ಕುಡಿಸಬ್ಯಾಡ್ರಿ, ಎಚ್ಚರ ತಪ್ಪಿರೋ ನಾಯಿಗೆ ಅದು ಶ್ವಾಸಕೋಶಕ್ಕೆ ಹೋಗಿ ಅದರಿಂದಾನೇ ಸಾಯುತ್ತೆ. ಹೊಲದೋರ ಹತ್ರ ಏನು ಹಾಕಿದ್ರಿ ಅಂತ ಕೇಳಿ ಆ ಬಾಟಲಿ ಲೇಬಲ್ ಫೋಟೋ ತಗೊಂಡು ಡಾಕ್ಟರಿಗೆ ತೋರಿಸ್ರಿ, ಯಾವ ಔಷಧಿ ಅಂತ ಗೊತ್ತಾದ್ರೆ ಚಿಕಿತ್ಸೆ ಸೀದಾ ಶುರು ಮಾಡಬಹುದು. ನಮ್ಮ ನಾಯಿ ಒಂದ್ಸಲ ಹಿಂಗೆ ವಿಷ ತಿಂದಾಗ ಉಳಿದಿದ್ದು ಹಂಗೇ, ಹೊಲದ ಯಜಮಾನ್ರೇ ಓಡಿ ಹೋಗಿ ಬಾಟಲಿ ತಂದು ಕೊಟ್ಟಿದ್ರಿಂದ.

8. ಹಾವು, ಮುಳ್ಳು, ಜೇನು

ಕೋಲಿಂದ ತಟ್ಕೊಂಡು, ನಾಯಿ ಮೂಗು ಬಿಲದೊಳಗೆ ಹೋಗದಂಗೆ ನೋಡ್ಕೊಂಡ್ರೆ ಹಾವಿನ ತೊಂದ್ರೆ ಬಹಳ ಮಟ್ಟಿಗೆ ತಪ್ಪುತ್ತೆ. ಕಚ್ಚಿತು ಅಂದ್ರೆ ಕಟ್ಟಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಹಾವು ಹಿಡಿಯೋಕೆ ಹೋಗಬ್ಯಾಡ್ರಿ. ನಾಯೀನ ನಡೆಸದೆ ಎತ್ಕೊಂಡು ಗಾಡಿಗೆ ಹಾಕ್ರಿ. ಕೊಳಕುಮಂಡಲ ಕಚ್ಚಿದ್ರೆ ಊದಿಕೊಂಡು ರಕ್ತ ಒಸರುತ್ತೆ, ನಾಗರಹಾವು ಕಚ್ಚಿದ್ರೆ ರೆಪ್ಪೆ ಬಿದ್ದು ಕಾಲು ಸೋಲುತ್ತೆ, ಎರಡಕ್ಕೂ ಒಂದೇ ಇಂಜೆಕ್ಷನ್ ಬರುತ್ತೆ. ಅದು ಎಲ್ಲ ಕ್ಲಿನಿಕ್‌ನಲ್ಲೂ ಇರಲ್ಲ, ಯಾರ ಹತ್ರ ಇರುತ್ತೆ ಅಂತ ಇವತ್ತೇ ಕೇಳಿಟ್ಕೊಳ್ರಿ.

ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳು ಪಾದಕ್ಕೆ ಚುಚ್ಚುತ್ತೆ, ನಾಯಿ ಕುಂಟಿದ್ರೆ ಅಲ್ಲೇ ನಿಂತು ಚಿಮಟದಲ್ಲಿ ತೆಗೀರಿ. ಜಾಲಿ ಮುಳ್ಳು ತುದಿ ಮುರಿದು ಒಳಗುಳಿದ್ರೆ ಕೀವಾಗುತ್ತೆ, ಡಾಕ್ಟರ್ ಹತ್ರಾನೇ ತೆಗೆಸ್ರಿ. ಬಂಡೆ ಮೇಲೆ, ದೊಡ್ಡ ಮರದಲ್ಲಿ ಹೆಜ್ಜೇನು ತೊಟ್ಟಿ ಕಂಡ್ರೆ ಆ ದಾರಿ ಬಿಟ್ಟು ಬೇರೆ ದಾರಿ.

9. ಮನೆಗೆ ಬಂದ್ಮೇಲೆ ಹತ್ತು ನಿಮಿಷ

ಪಾದ ತೊಳೀರಿ, ಒರೆಸ್ರಿ, ಔಷಧಿ ಹೊಡೆದಿರೋ ಹೊಲದ ಪಕ್ಕ ಹೋಗಿದ್ರೆ ಹೊಟ್ಟೆಯೂ ತೊಳೀರಿ, ಇಲ್ಲಾಂದ್ರೆ ಮೈ ನೆಕ್ಕೊಂಡು ಒಳಗೆ ಹೋಗುತ್ತೆ. ಉತ್ರಾಣಿ ಕಾಳು, ಹುಲ್ಲಿನ ಮೊನೆ ಕೂದಲಿಗೆ ಸಿಕ್ಕಿರುತ್ತೆ, ಕಿವಿಯೊಳಗೆ ಹೋದ್ರೆ ನಾಯಿ ತಲೆ ಒದರ್ತಾನೇ ಇರುತ್ತೆ.

ಆಮೇಲೆ ಉಣ್ಣೆ. ಕಿವಿ ಒಳಗೆ, ಬೆರಳ ಸಂದಿ, ಮುಂಗಾಲ ಕಂಕುಳು, ಬಾಲದ ಬುಡ, ಈ ನಾಲ್ಕು ಜಾಗ ಬೆರಳಾಡಿಸಿ ನೋಡ್ರಿ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೆಟ್ಟಗೆ ಎಳೀರಿ, ತಿರುಚಬ್ಯಾಡ್ರಿ, ಸೀಮೆಎಣ್ಣೆ ಬೆಂಕಿಕಡ್ಡಿ ಬ್ಯಾಡ, ಉಗುರಲ್ಲಿ ಕುಟ್ಟೋದೂ ಬ್ಯಾಡ, ಸೋಪು ನೀರಿಗೆ ಹಾಕ್ರಿ. ಎಮ್ಮೆಗೆ ಹಾಕೋ ಉಣ್ಣೆ ಔಷಧೀನ ಅಂದಾಜಲ್ಲಿ ನಾಯಿಗೆ ಹಚ್ಚೋರಿದಾರೆ, ಅಳತೆ ತಪ್ಪಿದ್ರೆ ಅದೇ ವಿಷ, ನಾಯಿ ತೂಕ ನೋಡಿ ಡಾಕ್ಟರ್ ಬರೆದಿದ್ದು ಮಾತ್ರ ಹಾಕ್ರಿ. ಉಣ್ಣೆ ಸಿಕ್ಕ ದಿನ ಕ್ಯಾಲೆಂಡರಲ್ಲಿ ಗುರುತು ಮಾಡಿ, ವಾರ ಎರಡು ವಾರ ಆದ್ಮೇಲೆ ನಾಯಿ ಊಟ ಬಿಟ್ಟು ಮೂಲೆ ಸೇರಿದ್ರೆ, ವಸಡು ಬಿಳಿಚಿದ್ರೆ, ಮೂಗಲ್ಲಿ ರಕ್ತ ಕಂಡ್ರೆ ಉಣ್ಣೆ ಜ್ವರ ಇರಬಹುದು. ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸ್ರಿ, ಯಾವತ್ತು ಎಷ್ಟು ಉಣ್ಣೆ ತೆಗೆದಿದ್ರಿ ಅನ್ನೋದನ್ನೂ ಡಾಕ್ಟರಿಗೆ ಹೇಳ್ರಿ.